ಒಗೆಯುವ ಯಂತ್ರವೂ ಗೃಹಸ್ಥನ ವಿವೇಕವೂ

ಶರಣಧರ್ಮವು ಅಡವಿಗೆ ಹೋದವರ ಧರ್ಮವಲ್ಲ. ಮನೆಯಲ್ಲಿ ಒಲೆ ಹೊತ್ತಿಸಿ, ಮಕ್ಕಳನ್ನು ಸಾಕಿ, ಸಾಲಸೋಲಗಳ ನಡುವೆ ಲಿಂಗಪೂಜೆಯನ್ನು ಬಿಡದೆ ನಡೆಸುವವರ ಧರ್ಮ. ಆದುದರಿಂದ ಅದರ ಪರೀಕ್ಷೆಯೂ ಮನೆಯ ಒಳಗೇ ನಡೆಯುತ್ತದೆ. ದೊಡ್ಡ ತ್ಯಾಗವನ್ನು ಬೇಡುವ ಸಂದರ್ಭವು ಗೃಹಸ್ಥನ ಬಾಳಿನಲ್ಲಿ ಒಮ್ಮೆಯೋ ಎರಡು ಸಲವೋ ಬಂದೀತು. ಚಿಕ್ಕ ತೀರ್ಮಾನಗಳಾದರೋ ದಿನಕ್ಕೆ ಹತ್ತು ಬರುತ್ತವೆ. ಕೆಟ್ಟು ನಿಂತ ಬಟ್ಟೆ ಒಗೆಯುವ ಯಂತ್ರವನ್ನು ದುರಸ್ತಿ ಮಾಡಿಸಬೇಕೆ, ಇಲ್ಲವೆ ಹೊಸದನ್ನು ಕೊಳ್ಳಬೇಕೆ ಎಂಬುದು ಅಂಥ ಚಿಕ್ಕ ಪ್ರಶ್ನೆಗಳಲ್ಲೊಂದು. ಇಷ್ಟಕ್ಕೆ ವಚನಶಾಸ್ತ್ರವನ್ನು ಎಳೆದು ತರುವುದೇತಕ್ಕೆ ಎಂದು ಕೆಲವರು ಕೇಳಿಯಾರು. ಆದರೆ ಅಕ್ಕಿಯ ಕಾಳು, ಕಟ್ಟಿಗೆಯ ಹೊರೆ, ಹುಲ್ಲಿನ ಹಗ್ಗ, ಕೊಳೆಯಾದ ಬಟ್ಟೆ ಇವೇ ಶರಣರ ಚರಿತ್ರೆಯ ಸಾಮಗ್ರಿಗಳೆಂಬುದನ್ನು ನೆನೆದರೆ ಆ ಸಂಶಯಕ್ಕೆ ಎಡೆಯಿಲ್ಲ.

ಧಾರವಾಡದಂಥ ಊರಿನ ಮಧ್ಯಮ ಸ್ಥಿತಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮನೆಯ ಯಜಮಾನ ಶಾಲೆಯ ಉಪಾಧ್ಯಾಯ. ಅವನ ತಾಯಿ, ಹೆಂಡತಿ, ಕಾಲೇಜಿಗೆ ಹೋಗುವ ಮಗ, ಹೈಸ್ಕೂಲಿನಲ್ಲಿರುವ ಮಗಳು. ಬಚ್ಚಲಿನ ಪಕ್ಕದಲ್ಲಿ ಹನ್ನೊಂದು ವರ್ಷಗಳ ಹಿಂದೆ ಕೊಂಡ, ಎರಡು ತೊಟ್ಟಿಗಳುಳ್ಳ ಯಂತ್ರ. ಒಂದು ತೊಟ್ಟಿ ಒಗೆಯಲಿಕ್ಕೆ. ಇನ್ನೊಂದಕ್ಕೆ ನಮ್ಮ ಕಡೆ 'ಡ್ರೈಯರ್' ಎನ್ನುವುದು ರೂಢಿ. ನಿಜವಾಗಿ ಅದು ಒಣಗಿಸುವುದಿಲ್ಲ, ಹಿಂಡುತ್ತದೆ ಅಷ್ಟೆ. ಒಣಗಿಸುವ ಕೆಲಸವನ್ನು ಮಾಳಿಗೆಯ ಮೇಲಿನ ಬಿಸಿಲು ಬಿಟ್ಟಿಯಾಗಿ ಮಾಡಿಕೊಡುತ್ತದೆ. (ಬಿಸಿಗಾಳಿಯಿಂದ ಒಣಗಿಸುವ ಬೇರೆ ಯಂತ್ರ ಶೀತದೇಶಗಳ ಅಗತ್ಯ. ಮಲೆನಾಡಿನ ಆಷಾಢದಲ್ಲಿ ಒಬ್ಬಿಬ್ಬರಿಗೆ ಅದರ ಆಸೆ ಹುಟ್ಟಿದರೆ ತಪ್ಪೆನ್ನಲಾಗದು. ಬಯಲುಸೀಮೆಯವರಿಗೆ ಅದರ ಹಂಬಲವೇ ವಿಚಿತ್ರ.) ಶ್ರಾವಣದ ಒಂದು ಬೆಳಗ್ಗೆ ಈ ಎರಡನೆಯ ತೊಟ್ಟಿ ಗುಂಯ್ ಎಂದು ಸದ್ದು ಮಾಡುತ್ತ ನಿಂತುಬಿಟ್ಟಿತು, ತಿರುಗಲಿಲ್ಲ. ಬಂದ ಮೇಸ್ತ್ರಿ ಹದಿನೆಂಟು ನೂರು ರೂಪಾಯಿ ಹೇಳಿ, "ಇನ್ನೆಷ್ಟು ದಿನ ಬಂದೀತೋ ನಾನು ಹೇಳಲಾರೆ" ಎಂದು ಸೇರಿಸಿದ. ಮಗನು ಅಂಗಡಿಯ ಜಾಹೀರಾತನ್ನು ತಂದು ತೋರಿಸಿದ: ಹಳೆಯದನ್ನು ಕೊಟ್ಟರೆ ಹೊಸದಾದ, ತಾನಾಗಿಯೇ ಎಲ್ಲವನ್ನೂ ಮಾಡುವ ಯಂತ್ರ ಹತ್ತೊಂಬತ್ತು ಸಾವಿರಕ್ಕೆ, ಹನ್ನೆರಡು ಕಂತುಗಳಲ್ಲಿ. ಮುದುಕಿಯು ತಾವೆಲ್ಲ ಕೆರೆಯ ಕಲ್ಲಿನ ಮೇಲೆ ಒಗೆದವರೆಂದು ಜ್ಞಾಪಿಸಿದಳು. ಯಜಮಾನನು ಇದ್ದುದರಲ್ಲಿ ತೃಪ್ತಿಪಡಬೇಕೆಂದು ಉಪದೇಶ ಮಾಡಿದ. ವಾದ ನಾಲ್ಕು ದಿನ ನಡೆಯಿತು. ಬಟ್ಟೆಗಳು ಬಕೀಟಿನಲ್ಲಿ ನೆನೆದವು.

ಇಲ್ಲಿ ಮೊದಲು ಆಗಬೇಕಾದುದು ಅರಿವಿನ ಕೆಲಸ. ಅರಿವಿಲ್ಲದ ಆಚಾರ ಕುರುಡು ಎಂಬುದನ್ನು ಶರಣರು ಪೂಜೆಯ ವಿಷಯದಲ್ಲಿ ಮಾತ್ರ ಹೇಳಲಿಲ್ಲ. ಯಂತ್ರಕ್ಕೆ ಏನಾಗಿದೆಯೆಂಬುದನ್ನೇ ತಿಳಿಯದೆ, ಉಳಿಸಬೇಕು ಅಥವಾ ಎಸೆಯಬೇಕು ಎಂದು ನಿರ್ಧರಿಸುವವನು, ರೋಗವನ್ನು ನೋಡದೆ ಔಷಧ ಕೊಡುವ ವೈದ್ಯನಂತೆ. ಈ ಬಗೆಯ ಯಂತ್ರದಲ್ಲಿ ಎರಡು ಮೋಟಾರುಗಳಿರುತ್ತವೆ. ಒಂದು, ರಬ್ಬರಿನ ಪಟ್ಟಿಯ ಮೂಲಕ ತೊಟ್ಟಿಯ ತಳದ ಚಕ್ರವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಆಡಿಸುತ್ತದೆ. ಇನ್ನೊಂದು, ರಂಧ್ರಗಳುಳ್ಳ ಬುಟ್ಟಿಯನ್ನು ನಿಮಿಷಕ್ಕೆ ಸಾವಿರಕ್ಕೂ ಮಿಕ್ಕಿ ಸುತ್ತು ತಿರುಗಿಸಿ ಬಟ್ಟೆಯೊಳಗಣ ನೀರನ್ನು ಹೊರಗೆ ಚಿಮ್ಮಿಸುತ್ತದೆ. ಮುಚ್ಚಳ ತೆಗೆದೊಡನೆ ಬುಟ್ಟಿಯನ್ನು ನಿಲ್ಲಿಸಲು ಒಂದು ತಂತಿಗೆ ಬಿಗಿದ ಬ್ರೇಕು ಇದೆ. ಸದ್ದು ಬಂದು ಬುಟ್ಟಿ ತಿರುಗದಿದ್ದರೆ, ಮೋಟಾರಿಗೆ ಮೊದಲ ತಳ್ಳುವಿಕೆಯನ್ನು ಕೊಡುವ ಕೆಪಾಸಿಟರು ಸೋತಿರಬಹುದು, ಅಥವಾ ಆ ಬ್ರೇಕು ಬಿಡದೆ ಹಿಡಿದುಕೊಂಡಿರಬಹುದು. ಎರಡೂ ಅಲ್ಪ ವೆಚ್ಚದ ದೋಷಗಳು. ಬುಟ್ಟಿಯ ಕೆಳಗಿನ ರಬ್ಬರು ಹರಿದು ನೀರು ಮೋಟಾರಿನ ಮೇಲೆ ಸೋರಿದ್ದರೆ ಮಾತು ಬೇರೆ. ಬೇರಿಂಗು ತುಕ್ಕು ಹಿಡಿದು, ಸುತ್ತಿದ ತಾಮ್ರದ ತಂತಿ ಸುಟ್ಟಿದ್ದರೆ ವೆಚ್ಚ ಏರುತ್ತದೆ. ತಾನಾಗಿ ನಡೆಯುವ ಹೊಸ ಯಂತ್ರಗಳ ಪ್ರಾಣವಿರುವುದು ಒಂದು ವಿದ್ಯುತ್ ಫಲಕದಲ್ಲಿ. ತೇವಕ್ಕೂ, ಏರಿಳಿಯುವ ವಿದ್ಯುತ್ತಿಗೂ, ಇಲಿಗಳ ಹಲ್ಲಿಗೂ ಅದು ಸುಲಭದ ತುತ್ತು. ಮುಂಬಾಗಿಲಿನ ಯಂತ್ರಗಳಲ್ಲಿ ಅನೇಕವು ನೀರನ್ನು ಮಿತವಾಗಿ ಬಳಸುತ್ತವೆಯೆಂಬುದು ನಿಜ. ಆದರೆ ಕೆಲವು ಮಾದರಿಗಳಲ್ಲಿ ಹೊರತೊಟ್ಟಿಯನ್ನು ಬಿಚ್ಚಲು ಬಾರದಂತೆ ಬೆಸೆದಿರುವುದರಿಂದ, ಒಂದು ಬೇರಿಂಗಿಗಾಗಿ ಇಡೀ ತೊಟ್ಟಿಯನ್ನೇ ಬದಲಿಸಬೇಕಾಗುತ್ತದೆ.

ನೀರಿನ ವಿಚಾರವನ್ನೂ ಮರೆಯಲಾಗದು. ನಲ್ಲಿಯಲ್ಲಿ ಹಲವು ದಿನಗಳಿಗೊಮ್ಮೆ ನೀರು ಬರುವ ಊರುಗಳಲ್ಲಿ, ಕೊಡದಿಂದ ನೀರು ಸುರಿದು ನಡೆಸಬಹುದಾದ ಹಳೆಯ ಯಂತ್ರವೇ ಉಪಕಾರಿ. ಬಿಳಿಯ ಬಟ್ಟೆ ಒಗೆದ ಸಾಬೂನಿನ ನೀರಿನಲ್ಲಿಯೇ ಬಣ್ಣದ್ದನ್ನೂ, ಕೊನೆಗೆ ಕಾಲೊರಸನ್ನೂ ಒಗೆಯಬಹುದು. ಹೊಸದು ಸರಾಗವಾಗಿ ಹರಿಯುವ ನಲ್ಲಿಯನ್ನು ಕೇಳುತ್ತದೆ. ಕೊಳವೆಬಾವಿಯ ಗಡುಸು ನೀರು ಮಾತ್ರ ಎರಡರ ಒಳಗೂ ಸುಣ್ಣ ಕಟ್ಟಿಸುತ್ತದೆ.

ದುರಸ್ತಿಯ ವೆಚ್ಚ ಹೊಸದರ ಅರ್ಧ ಬೆಲೆಗೆ ಮೀರದಿದ್ದರೆ ದುರಸ್ತಿ, ಮೀರಿದರೆ ಖರೀದಿ ಎಂಬ ಲೆಕ್ಕ ಪೇಟೆಯಲ್ಲಿ ಬಳಕೆಯಲ್ಲಿದೆ. ಲೆಕ್ಕವೇನೋ ಒಳ್ಳೆಯದೆ. ಆದರೆ ಅದು ಹಣವನ್ನು ಅಳೆಯುತ್ತದೆ, ಮನಸ್ಸನ್ನು ಅಳೆಯಲಾರದು. ಮಾಯೆಯು ವಸ್ತುವಿನಲ್ಲಿಲ್ಲ, ವಸ್ತುವಿನತ್ತ ಹರಿಯುವ ಮನದ ಹಂಬಲದಲ್ಲಿದೆ ಎಂಬುದು ಅಲ್ಲಮಪ್ರಭುದೇವರ ನಿಲುವು. ಆ ನಿಲುವನ್ನು ಒಪ್ಪಿದವನು ಹೊಸ ಯಂತ್ರವನ್ನು ಪಾಪವೆನ್ನಲಾರನು, ಹಳೆಯದನ್ನು ಪುಣ್ಯವೆನ್ನಲೂ ಆರನು. ತನ್ನ ಮನಸ್ಸು ಯಾವುದರ ಕಡೆ ವಾಲಿದೆ, ಏತಕ್ಕೆ ವಾಲಿದೆ ಎಂದು ಅವನು ನೋಡಿಕೊಳ್ಳಬೇಕಾಗುತ್ತದೆ. ಮಹಾನವಮಿಯ ದಿನ ಯಂತ್ರಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದು, ದೀಪಾವಳಿಯ ರಿಯಾಯಿತಿ ಬಂದೊಡನೆ ಅದನ್ನೇ ಗಾಡಿಗೇರಿಸಿ ಕಳುಹಿಸುವ ಮನೆಗಳು ಕಡಮೆಯಲ್ಲ. ಇಪ್ಪತ್ತು ದಿನಗಳಲ್ಲಿ ಯಂತ್ರ ಹಳೆಯದಾಯಿತೆ? ಪಕ್ಕದ ಮನೆಗೆ ಹೊಸದು ಬಂದುದೇ ನಿಜವಾದ ಕಾರಣವಾಗಿದ್ದರೆ, ಕೆಟ್ಟಿರುವುದು ಬಚ್ಚಲಲ್ಲಿ ನಿಂತುದಲ್ಲ.

ಪ್ರಸಾದತತ್ತ್ವವನ್ನು ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಲಿಂಗಕ್ಕೆ ಅರ್ಪಿತವಾಗುವ ವರೆಗೆ ಅದು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಪ್ರಸಾದದ ಒಂದು ಅಗುಳನ್ನೂ ಚೆಲ್ಲದೆ, ತಳಿಗೆಯನ್ನು ತೊಳೆದ ನೀರನ್ನೂ ಸೇವಿಸುವ ನಿಷ್ಠೆ ಇಂದಿಗೂ ಅನೇಕ ಭಕ್ತರಲ್ಲಿದೆ. ಅನ್ನದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಸಮಾಜವು ಕಬ್ಬಿಣ, ತಾಮ್ರ, ಪ್ಲಾಸ್ಟಿಕ್ಕುಗಳ ಒಂದು ದೊಡ್ಡ ಗಂಟನ್ನು ಒಂದು ಸಣ್ಣ ಕೆಪಾಸಿಟರಿನ ದೆಸೆಯಿಂದ ಎಸೆದುಬಿಟ್ಟರೆ ಆ ಎಚ್ಚರ ಊಟದ ಎಲೆಯಾಚೆ ದಾಟಲಿಲ್ಲವೆಂದೇ ಹೇಳಬೇಕು.

ಇಂಥ ಮಾತು ಬಂದಾಗಲೆಲ್ಲ ಆಯ್ದಕ್ಕಿ ಲಕ್ಕಮ್ಮನ ಸ್ಮರಣೆ ಸಹಜ. ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದ ದಂಪತಿಗಳವರು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಲ್ಲದೆ, ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದಳೆಂಬುದು ಪ್ರಸಿದ್ಧ. ಅಗತ್ಯಕ್ಕೆ ಮೀರಿದ ಹಿಡಿ ಅಕ್ಕಿಯೂ ಆಸೆಯ ರೂಪವೇ ಎಂದು ಆಕೆ ಕಂಡಳು. ಈ ಕಥೆಯನ್ನು ಹೇಳಿ ಹೆಂಡತಿಯ ಬಾಯಿ ಮುಚ್ಚಿಸುವ ಯಜಮಾನರು ಅನೇಕರಿದ್ದಾರೆ. ಮೇಲೆ ಹೇಳಿದ ಉಪಾಧ್ಯಾಯನೂ ಹಾಗೆಯೇ ಮಾಡಿದನು: ಲಕ್ಕಮ್ಮನಿಗೆ ಯಾವ ಯಂತ್ರವಿತ್ತು ಎಂದನು.

ಇಲ್ಲಿ ನಿಂತು ಯೋಚಿಸಬೇಕು. ಏಕೆಂದರೆ ಪ್ರಶ್ನೆಯ ಮರ್ಮವಿರುವುದು ಇಲ್ಲಿಯೇ. ಆ ಕಥೆಯಲ್ಲಿ ಬೇಡವೆಂದವಳು ಯಾರು? ಅಕ್ಕಿಯನ್ನು ಕೇರಿ, ಬೇಯಿಸಿ, ಜಂಗಮರಿಗೆ ಉಣಬಡಿಸುತ್ತಿದ್ದವಳು. ಹೆಚ್ಚಿನ ಅಕ್ಕಿಯನ್ನು ಬಿಟ್ಟುದರಿಂದ ಕಷ್ಟವಾಗುವುದಿದ್ದರೆ ಆಕೆಗೇ ಆಗಬೇಕಾಗಿತ್ತು. ತನ್ನ ಕೈಯ ಭಾರವನ್ನು ತಾನು ಬಲ್ಲವಳು, ತನ್ನ ಅಗತ್ಯದ ಗೆರೆಯನ್ನು ತಾನೇ ಎಳೆದಳು. ಬಟ್ಟೆ ಒಗೆಯದ ಗಂಡನು ಬಟ್ಟೆ ಒಗೆಯುವ ಹೆಂಡತಿಯ ಪರವಾಗಿ ತೃಪ್ತಿಯನ್ನು ಘೋಷಿಸಿದರೆ, ಅದು ಲಕ್ಕಮ್ಮನ ಮಾರ್ಗವಾಗುವುದು ಹೇಗೆ? ಇನ್ನೊಬ್ಬರ ಸೊಂಟದ ನೋವಿನ ಮೇಲೆ ಕಟ್ಟಿದ ಅಪರಿಗ್ರಹ ಬಹಳ ಅಗ್ಗವಾದುದು. ನೀರು ತುಂಬಿದ ಒಂದು ಹೊದಿಕೆಯನ್ನು ಕೈಯಿಂದ ಹಿಂಡಿ ನೋಡದವನಿಗೆ ಹಿಂಡುವ ತೊಟ್ಟಿ ಭೋಗವೋ ಅವಶ್ಯವೋ ಎಂಬುದನ್ನು ನಿರ್ಣಯಿಸುವ ಅಧಿಕಾರವಿಲ್ಲ.

ಹಾಸಿಗೆ ಹಿಡಿದ ಹಿರಿಯರಿರುವ ಮನೆಗಳುಂಟು. ದಿನಕ್ಕೆ ನಾಲ್ಕು ಸಲ ಹೊದಿಕೆ ಬದಲಾಗುತ್ತದೆ. ಅವಳಿ ಹಸುಗೂಸುಗಳಿರುವ ಮನೆಗಳುಂಟು. ಸಂಧಿವಾತದಿಂದ ಬೆರಳು ಮಡಚಲಾರದ ತಾಯಂದಿರುಂಟು. ಅಂಥಲ್ಲಿ ಒಂದು ದಿನವೂ ತಡೆಯದೆ ಹೊಸ ಯಂತ್ರವನ್ನು, ಇನ್ನೊಂದು ಖರ್ಚನ್ನು ಕಡಿದಾದರೂ ಸರಿ, ತರುವುದೇ ಧರ್ಮ. ಅದನ್ನು ಮುಂದೂಡಿ ಉಳಿಸಿದ ಹಣದಲ್ಲಿ ದಾಸೋಹ ಮಾಡಿದರೂ ಆ ದಾಸೋಹವನ್ನು ಸಲ್ಲಿಸಿದವರು ಬೇರೆ, ಹೆಸರು ಪಡೆದವರು ಬೇರೆ.

ಒಗೆಯುವುದನ್ನು ಕೀಳು ಕೆಲಸವೆಂದು ಬಗೆದುದರಿಂದಲೇ ಅದರ ಭಾರ ಯಾರ ಕಣ್ಣಿಗೂ ಬೀಳದಾಯಿತು. ಹನ್ನೆರಡನೆಯ ಶತಮಾನದಲ್ಲಿ ಶರಣರು ಈ ಭಾವವನ್ನು ಬೇರುಸಹಿತ ಕಿತ್ತಿದ್ದರು. ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಒಗೆದು ಹೊತ್ತು ಬರುತ್ತಿದ್ದರು. ಅದೇ ಮಾಚಿದೇವರ ಮಾತಿಗೆ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ತಲೆಬಾಗುತ್ತಿದ್ದರೆಂದು ಶರಣರ ಕಥೆಗಳು ಸಾರುತ್ತವೆ. ಕಲಿದೇವರದೇವ ಎಂಬ ಅಂಕಿತದಲ್ಲಿ ಅವರ ವಚನಗಳು ಇಂದಿಗೂ ಉಳಿದಿವೆ. ಒಗೆತವು ಅವರಿಗೆ ಅನುಭಾವದ ದಾರಿಯಾಯಿತು. ಮಾಚಿದೇವರ ಜಯಂತಿಯಲ್ಲಿ ಭಾಷಣ ಮಾಡಿ ಮನೆಗೆ ಬಂದು, ತನ್ನ ಬೆವರಿನ ಅಂಗಿಯನ್ನು ಮೂಲೆಗೆಸೆದು, ಅದು ಮರುದಿನ ಮಡಿಸಿದ ರೂಪದಲ್ಲಿ ಪೆಟ್ಟಿಗೆಯಲ್ಲಿ ಸಿಗುವುದನ್ನು ಸೃಷ್ಟಿನಿಯಮವೆಂದು ತಿಳಿದ ಭಕ್ತನಿಗೆ ಏನನ್ನುವುದು? ಯಂತ್ರ ಬಂದ ಮೇಲೆ ಒಗೆಯುವ ಕೆಲಸವೇ ಇಲ್ಲವೆಂದು ಗಂಡಸರು ಭಾವಿಸುತ್ತಾರೆ. ವಿಂಗಡಿಸುವುದು, ನೆನೆಹಾಕುವುದು, ಕಾಲರನ್ನು ಉಜ್ಜುವುದು, ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿಹಾಕುವುದು, ಹೊತ್ತುಕೊಂಡು ಮೆಟ್ಟಲೇರುವುದು, ಒಣಹಾಕುವುದು, ಮಳೆ ಬಂದರೆ ಓಡುವುದು, ಮಡಿಸುವುದು ಇವಾವುವನ್ನೂ ಯಂತ್ರ ಮಾಡುವುದಿಲ್ಲ.

ದುರಸ್ತಿ ಮಾಡುವವನ ಕಡೆಗೂ ದೃಷ್ಟಿ ಹಾಯಬೇಕು. ಅವನದೂ ಕಾಯಕವೇ. ಸತ್ಯಶುದ್ಧವಾದ ಕಾಯಕಕ್ಕೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಒಂದು ಹಳೆಯ ಯಂತ್ರವನ್ನು ಇನ್ನೂ ಐದು ವರ್ಷ ನಡೆಸಿಕೊಡುವ ಮೇಸ್ತ್ರಿಯು ಸಮಾಜಕ್ಕೆ ಸಲ್ಲಿಸುವ ಸೇವೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಆದರೆ ಆ ಕಾಯಕದಲ್ಲಿ ಪ್ರಲೋಭನವೂ ಇದೆ. ಮುಚ್ಚಳದ ಸ್ವಿಚ್ಚನ್ನು ಸರಿಪಡಿಸಿ ಮೋಟಾರು ಬದಲಿಸಿದೆನೆನ್ನಬಹುದು. ಹೊಸದನ್ನು ಮಾರುವ ಅಂಗಡಿಯಿಂದ ತನಗೆ ಬರುವ ಪಾಲಿಗಾಗಿ, ಬದುಕುವ ಯಂತ್ರವನ್ನು ಸತ್ತಿತೆನ್ನಬಹುದು. ಹಾಗೆಂದು ಎಲ್ಲ ಮೇಸ್ತ್ರಿಗಳನ್ನೂ ಕಳ್ಳರಂತೆ ಕಾಣುವ ಗಿರಾಕಿಯೂ ನಿರ್ದೋಷಿಯಲ್ಲ. ಹತ್ತೊಂಬತ್ತು ಸಾವಿರದ ಬೆಲೆಪಟ್ಟಿಯ ಮುಂದೆ ಬಾಯಿ ಬಿಡದವನು, ಮೈ ಒದ್ದೆ ಮಾಡಿಕೊಂಡು ಒಂದು ಗಂಟೆ ದುಡಿದವನೊಡನೆ ಐವತ್ತು ರೂಪಾಯಿಗೆ ಜಗಳವಾಡುತ್ತಾನೆ. ಬಿಚ್ಚಿದ ಭಾಗವನ್ನು ತೋರಿಸೆಂದು ಕೇಳುವುದು ಗಿರಾಕಿಯ ಹಕ್ಕು, ತೋರಿಸುವುದು ಮೇಸ್ತ್ರಿಯ ವ್ರತ.

ತಯಾರಕರ ಹೊಣೆಯೂ ಸಣ್ಣದಲ್ಲ. ಬಿಡಿಭಾಗವೇ ದೊರೆಯದಿದ್ದರೆ ಭಕ್ತನ ಸಂಯಮವೂ ಮೇಸ್ತ್ರಿಯ ನೈಪುಣ್ಯವೂ ಏನು ಮಾಡಬಲ್ಲವು? ಯೂರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿಯಿಂದ, ಒಗೆಯುವ ಯಂತ್ರದ ಒಂದು ಮಾದರಿಯ ಮಾರಾಟ ನಿಂತ ಮೇಲೂ ಮುಖ್ಯ ಬಿಡಿಭಾಗಗಳನ್ನು 10 ವರ್ಷ ಒದಗಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಭಾರತ ಸರ್ಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಮಾಹಿತಿಯನ್ನು ಒಂದೆಡೆ ಒದಗಿಸುವ ಜಾಲತಾಣವನ್ನು ತೆರೆಯಿತು. ಮಾಹಿತಿ ಕೊಡುವುದಕ್ಕೂ ಕಟ್ಟಳೆ ವಿಧಿಸುವುದಕ್ಕೂ ಇರುವ ಅಂತರವನ್ನು ವಾಚಕರು ಬಲ್ಲರು.

ಹೊಸ ಯಂತ್ರವನ್ನು ಕೊಂಡುದೇ ಮಹಾಕಾರ್ಯವಾದ ಒಂದು ಉದಾಹರಣೆ ಈ ನಾಡಿನಲ್ಲಿಯೇ ಇದೆ. ವಚನಗಳನ್ನು ಓಲೆಗರಿಗಳಿಂದ ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರು, ಅವುಗಳನ್ನು ಅಚ್ಚು ಹಾಕಲೆಂದು ತಮ್ಮ ಮನೆಯನ್ನು ಮಾರಿ, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು; ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ಯಂತ್ರಕ್ಕೆ ಅಷ್ಟು ವೆಚ್ಚ ಮಾಡಿದವರು ತಮ್ಮ ಉಡಿಗೆತೊಡಿಗೆಗೆ ಎಷ್ಟು ಕಡಮೆ ವೆಚ್ಚ ಮಾಡುತ್ತಿದ್ದರೆಂಬುದನ್ನು ಹಿರಿಯರು ಈಗಲೂ ಹೇಳಿಕೊಳ್ಳುತ್ತಾರೆ. ಮಿತವ್ಯಯವೂ ಮಹಾವ್ಯಯವೂ ಒಂದೇ ಮನಸ್ಸಿನಿಂದ ಹೊರಟವು. ಅಂಗಿಯ ವಿಷಯಕ್ಕೆ ಒಂದು ನಿಯಮ, ಅಚ್ಚಿನ ಯಂತ್ರಕ್ಕೆ ಇನ್ನೊಂದು ನಿಯಮ ಎಂದು ಅವರೇನೂ ಬರೆದಿಟ್ಟಿರಲಿಲ್ಲ.

ಹೊಸದನ್ನು ಕೊಳ್ಳುವುದೆಂದು ತೀರ್ಮಾನವಾದರೆ ಹಳೆಯದರ ಗತಿಯೇನು? ಅದನ್ನು ಮನೆಗೆಲಸದವಳಿಗೆ ಕೊಟ್ಟು ದಾನ ಮಾಡಿದೆವೆಂದು ಹಿಗ್ಗುವುದು ಸಾಮಾನ್ಯ. ನಡೆಯುವ ಯಂತ್ರವನ್ನು, ಆಕೆಯ ಮನೆಯಲ್ಲಿ ಸ್ಥಳವೂ ವಿದ್ಯುತ್ತೂ ಇವೆಯೆಂದು ವಿಚಾರಿಸಿ, ಆಕೆ ಒಪ್ಪಿದ ಮೇಲೆ ಕೊಟ್ಟರೆ ಸರಿ. ತನಗೆ ಹದಿನೆಂಟು ನೂರು ರೂಪಾಯಿ ಹೆಚ್ಚೆನಿಸಿದ ದುರಸ್ತಿಯನ್ನು ಬಡವಳ ತಲೆಗೆ ಕಟ್ಟಿ ಅದಕ್ಕೆ ದಾಸೋಹವೆಂಬ ಹೆಸರಿಡುವುದು ಆ ಶಬ್ದಕ್ಕೆ ಮಾಡುವ ಅಪಚಾರ. ರಿಪೇರಿ ಮಾಡಿಸಿಯೇ ಕೊಡಬೇಕು. ಗುಜರಿಗೆ ಹಾಕಿದರೆ, ತಾಮ್ರಕ್ಕಾಗಿ ತಂತಿಗಳನ್ನು ಊರ ಹೊರಗೆ ಸುಡುವಲ್ಲಿ ಏಳುವ ಹೊಗೆಯನ್ನು ಕುಡಿಯುವವರು ಯಾರದೋ ಮಕ್ಕಳು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ಯಂತ್ರಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ನೋಂದಾಯಿತ ಸಂಗ್ರಾಹಕರಿಗೆ ಒಪ್ಪಿಸುವ ಶ್ರಮ ಗೃಹಸ್ಥನದು. ನಾಲ್ಕು ನೂರು ರೂಪಾಯಿ ಕಡಮೆ ಬಂದರೂ ಆ ದಾರಿಯೇ ಲೇಸು.

ಉಪಾಧ್ಯಾಯನ ಮನೆಯಲ್ಲಿ ಐದನೆಯ ದಿನ ಮಗಳು ಒಂದು ಮಾತು ಕೇಳಿದಳು: ಅವ್ವನನ್ನು ಯಾರಾದರೂ ಕೇಳಿದಿರಾ? ಯಾರೂ ಕೇಳಿರಲಿಲ್ಲ. ಕೇಳಿದಾಗ ಆಕೆ ಒಡನೆ ಉತ್ತರಿಸಲಿಲ್ಲ. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. ಹಿಂಡುವ ತೊಟ್ಟಿ ಸರಿಯಾದರೆ ತನಗೆ ಈ ಯಂತ್ರವೇ ಸಾಕು, ಇದರ ಗುಣ ತನಗೆ ಗೊತ್ತು ಎಂದಳು. ತನ್ನನ್ನು ದಣಿಸುವುದು ಯಂತ್ರವಲ್ಲ. ಹಿತ್ತಲ ತೊಟ್ಟಿಯಿಂದ ಹದಿನಾಲ್ಕು ಬಕೀಟು ನೀರು ಹೊತ್ತು ತಂದು ಸುರಿಯುವುದು, ಆಮೇಲೆ ಒದ್ದೆಯ ಬಟ್ಟೆಯ ಬುಟ್ಟಿಯನ್ನು ಸೊಂಟದ ಮೇಲಿಟ್ಟು ಇಪ್ಪತ್ತೆರಡು ಮೆಟ್ಟಲು ಏರುವುದು. ಹೊಸ ಯಂತ್ರವೇನು ಮೆಟ್ಟಲೇರುತ್ತದೆಯೆ ಎಂದು ಮಗನನ್ನು ನೋಡಿ ನಕ್ಕಳು. ಉಪಾಧ್ಯಾಯನಿಗೆ ಮೆಟ್ಟಲುಗಳು ಇಪ್ಪತ್ತೆರಡೆಂಬುದು ಆ ವರೆಗೆ ತಿಳಿದಿರಲಿಲ್ಲ.

ಮೇಸ್ತ್ರಿಯನ್ನು ಕರೆಸಿ ಯಂತ್ರವನ್ನು ಬಿಚ್ಚಿಸಿದರು. ಕೆಪಾಸಿಟರು ಕೆಟ್ಟಿತ್ತು, ಬ್ರೇಕಿನ ತಂತಿ ಸವೆದಿತ್ತು, ಮೋಟಾರು ಗಟ್ಟಿಯಾಗಿತ್ತು. ತಾನು ಹೇಳಿದ್ದಕ್ಕಿಂತ ಏಳುನೂರು ಕಡಮೆಯಾಗುತ್ತದೆಂದು ಅವನೇ ಹೇಳಿದ. ಆ ಏಳುನೂರಕ್ಕೆ ಇನ್ನಷ್ಟು ಸೇರಿಸಿ ಹಿತ್ತಲ ತೊಟ್ಟಿಯಿಂದ ಯಂತ್ರದ ವರೆಗೆ ಒಂದು ಕೊಳವೆಯನ್ನೂ ನಲ್ಲಿಯನ್ನೂ ಹಾಕಿಸಿದರು. ಮಾಳಿಗೆಗೆ ಬುಟ್ಟಿ ಹೊರುವುದು ಸೋಮವಾರ, ಗುರುವಾರ ಮಗನ ಪಾಲಿಗೆ, ಉಳಿದ ದಿನ ಯಜಮಾನನ ಪಾಲಿಗೆ ಬಂದಿತು. ಮೊದಲ ದಿನ ಅವನು ಹನ್ನೆರಡನೆಯ ಮೆಟ್ಟಲಿನಲ್ಲಿ ಬುಟ್ಟಿಯನ್ನಿಳಿಸಿ ಉಸಿರು ತೆಗೆದುಕೊಂಡನು. ಕೆಳಗೆ ಹಿಂಡುವ ತೊಟ್ಟಿ ಇನ್ನೊಂದು ಸರದಿಯ ಬಟ್ಟೆಯನ್ನು ತಿರುಗಿಸುತ್ತಿದ್ದ ಸದ್ದು ಕೇಳುತ್ತಿತ್ತು.